ಕಡಿಮೆ ಬೆಲೆ, ಒಳ್ಳೆಯ ಗಿಟಾರ್: ಅಂಗಡಿಯಲ್ಲೇ ಪರೀಕ್ಷಿಸುವ ಸೂತ್ರಗಳು

ಮೊದಲ ಸಂಬಳ ಬಂದಿದೆ, ಇಲ್ಲವೇ ವರ್ಷವಿಡೀ ಕೂಡಿಟ್ಟ ಪಾಕೆಟ್ ಮನಿ ಕೈಯಲ್ಲಿದೆ. ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕು. ಅಮೆರಿಕದಲ್ಲೇ ತಯಾರಾದ ಫೆಂಡರ್, ಗಿಬ್ಸನ್ ಕೈಗೆ ಎಟುಕುವ ಬೆಲೆಯಲ್ಲಿಲ್ಲ. ನಿಮ್ಮ ಬಜೆಟ್‌ಗೆ ಸಿಗುವುದು ಇಂಡೊನೇಷ್ಯಾ ಅಥವಾ ಚೀನಾದಿಂದ ಬಂದ ಸ್ಕ್ವಾಯರ್, ಎಪಿಫೋನ್, ಐಬನೀಜ್ ಜಿಯೊ, ಯಮಹಾ ಪೆಸಿಫಿಕಾ, ಕೋರ್ಟ್. ‘ಅಗ್ಗದ್ದು, ಚೆನ್ನಾಗಿರುತ್ತೋ ಇಲ್ಲವೋ’ ಅಂತ ತಿಂಗಳುಗಟ್ಟಲೆ ಯೂಟ್ಯೂಬ್ ರಿವ್ಯೂ ನೋಡುತ್ತಾ ಕೂರುವ ಅಭ್ಯಾಸವನ್ನು ಇವತ್ತೇ ಬಿಡಿ. ಗಿಟಾರ್‌ನ ಗುಣಮಟ್ಟವನ್ನು ಕಣ್ಣು, ಕಿವಿ, ಬೆರಳಿನಿಂದ ಅಳೆಯಬಹುದು. ಅಳೆಯುವ ಕ್ರಮ ಇಲ್ಲಿದೆ.

1. ದೇಶದ ಹೆಸರು ನೋಡಿ ತೀರ್ಪು ಕೊಡಬೇಡಿ.

1977ರಲ್ಲಿ ಗಿಬ್ಸನ್‌ನ ಒಡೆತನ ಹೊಂದಿದ್ದ ನಾರ್ಲಿನ್ ಕಂಪನಿ, ಅಮೆರಿಕದಲ್ಲಿ ಜಪಾನಿನ ಐಬನೀಜ್ ಮಾರುತ್ತಿದ್ದ ಎಲ್ಗರ್ ಕಂಪನಿಯ ಮೇಲೆ ಹೆಡ್‌ಸ್ಟಾಕ್ ನಕಲು ಮಾಡಿದ್ದಕ್ಕೆ ಕೇಸು ಹಾಕಿತು. ಜಪಾನಿನ ಗಿಟಾರ್ ಅಂದರೆ ಕಾಪಿ ಎಂಬ ಮಾತು ಆಗ ಜೋರಾಗಿತ್ತು. ಐದು ವರ್ಷ ಕಳೆಯುವಷ್ಟರಲ್ಲಿ, 1982ರಲ್ಲಿ, ಫೆಂಡರ್ ತಾನೇ ಜಪಾನಿನ ಮಾಟ್ಸುಮೊಟೊಗೆ ಹೋಯಿತು. ಐಬನೀಜ್ ಗಿಟಾರ್ ಮಾಡುತ್ತಿದ್ದ ಫುಜಿಜೆನ್ ಕಾರ್ಖಾನೆಯಲ್ಲೇ ತನ್ನ ಗಿಟಾರ್ ಮಾಡಿಸಿತು. ಫೆಂಡರ್‌ನದೇ ಬ್ರ್ಯಾಂಡ್ ಆದ ಸ್ಕ್ವಾಯರ್‌ನ ಗಿಟಾರ್‌ಗಳು ಶುರುವಾದದ್ದು ಹೀಗೆ. ಆ ಕಾಲದ ಜಪಾನಿ ಸ್ಕ್ವಾಯರ್‌ಗಳನ್ನು ಸಂಗ್ರಾಹಕರು ಇಂದು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಈಗ ಆ ಜಾಗ ಇಂಡೊನೇಷ್ಯಾ, ಚೀನಾಗಳದ್ದು. ಕೊರಿಯಾದ ಕೋರ್ಟ್ ಕಂಪನಿ ತನ್ನ ಗಿಟಾರ್‌ಗಳ ಜೊತೆಗೆ ಸ್ಕ್ವಾಯರ್‌ನ ಹಲವು ಮಾಡೆಲ್‌ಗಳನ್ನೂ ಪಿಆರ್‌ಎಸ್ ಕಂಪನಿಯ ಎಸ್‌ಇ ಸರಣಿಯ ಬಹುಪಾಲನ್ನೂ ಇಂಡೊನೇಷ್ಯಾದಲ್ಲಿ ಮಾಡಿಕೊಡುತ್ತದೆ. ಎಪಿಫೋನ್‌ಗಾಗಿ ಗಿಬ್ಸನ್ ಚೀನಾದ ಚಿಂಗ್‌ಡಾವೊದಲ್ಲಿ ಸ್ವಂತ ಕಾರ್ಖಾನೆಯನ್ನೇ ತೆರೆದಿದೆ. ಬಾಡಿ, ನೆಕ್ ಕೊರೆಯುವುದು ಕಂಪ್ಯೂಟರ್ ನಡೆಸುವ ಮೆಷಿನ್. ಆ ಕೆಲಸ ಎಲ್ಲ ದೇಶದಲ್ಲೂ ಕರಾರುವಾಕ್ಕಾಗಿಯೇ ಆಗುತ್ತದೆ. ಬೆಲೆ ಇಳಿಸಬೇಕಾದಾಗ ಕತ್ತರಿ ಬೀಳುವುದು ಕೊನೆಯ ಕೈಗೆಲಸಕ್ಕೆ: ಫ್ರೆಟ್ ತುದಿ ಉಜ್ಜುವುದು, ನಟ್ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿಗಳು ಕೂರುವ ಪಟ್ಟಿ) ಕೊರೆಯುವುದು, ಸೆಟಪ್ (ಕೊನೆಯ ಹೊಂದಾಣಿಕೆ) ಮಾಡುವುದು. ನಿಮ್ಮ ಕಣ್ಣು ನೇರ ಅಲ್ಲಿಗೇ ಹೋಗಬೇಕು.

2. ಒಂದೇ ಮಾಡೆಲ್‌ನ ಎರಡು ಮೂರು ಪೀಸ್ ಕೇಳಿ.

ಕೈಗೆಲಸ ಪೀಸಿನಿಂದ ಪೀಸಿಗೆ ಬದಲಾಗುತ್ತದೆ. ರಿವ್ಯೂದಲ್ಲಿ ನೀವು ನೋಡಿದ್ದು ಬೇರೆ ಪೀಸ್, ಮನೆಗೆ ತರುವುದು ಬೇರೆ. ‘ಸ್ಟಾಕ್‌ನಲ್ಲಿ ಇನ್ನೊಂದಿದ್ದರೆ ತೋರಿಸಿ ಸರ್’ ಎಂದು ಕೇಳಲು ಸಂಕೋಚ ಬೇಡ. ದುಡ್ಡು ನಿಮ್ಮದು.

3. ಕಿಟ್ ಹಿಡಿದು ಹೋಗಿ.

ಸ್ಟೀಲ್ ಸ್ಕೇಲ್, ಕ್ಯಾಪೊ, ಕ್ಲಿಪ್ ಟ್ಯೂನರ್, ಒಂದು ವಿಸಿಟಿಂಗ್ ಕಾರ್ಡ್, ಬಾಗಿರದ ಒಂದು ಡೆಬಿಟ್ ಕಾರ್ಡ್, ಚೆನ್ನಾಗಿರುವ ನಿಮ್ಮದೇ ಕೇಬಲ್. ಇಷ್ಟು ಸಾಕು. ಕೈಯಲ್ಲಿ ಸ್ಕೇಲ್ ಇದ್ದವನ ಮುಂದೆ ಸೇಲ್ಸ್‌ಮನ್ ಕೂಡ ಅಳತೆಯ ಮಾತೇ ಆಡುತ್ತಾನೆ.

4. ಮೊದಲು ನೆಕ್ ನೋಡಿ, ಬಣ್ಣ ಕೊನೆಗೆ.

ಪಿಕಪ್ ಬದಲಿಸಬಹುದು, ಟ್ಯೂನಿಂಗ್ ಕೀ ಬದಲಿಸಬಹುದು. ತಿರುಚಿದ ನೆಕ್ ಬಂದರೆ ಗಿಟಾರೇ ಹೋದಂತೆ. ಬಡಗಿ ಹಲಗೆಯ ಅಂಚಿಗೆ ಕಣ್ಣಿಟ್ಟು ನೋಡುವ ಹಾಗೆ, ಗಿಟಾರನ್ನು ಎತ್ತಿ ಹೆಡ್‌ಸ್ಟಾಕ್ ಕಡೆಯಿಂದ ಬ್ರಿಡ್ಜ್ ಕಡೆಗೆ ಕಣ್ಣು ಹಾಯಿಸಿ. ನೆಕ್‌ನ ಎರಡೂ ಅಂಚು ಒಂದೇ ರೀತಿ ಸಾಗಬೇಕು. ಒಂದು ಅಂಚು ನೇರವಾಗಿ, ಇನ್ನೊಂದು ಮೇಲೆದ್ದು ಕಂಡರೆ ಅದು ಟ್ವಿಸ್ಟ್. ಆ ಪೀಸನ್ನು ವಾಪಸ್ ಕೊಡಿ. ಎಷ್ಟೇ ಡಿಸ್ಕೌಂಟ್ ಕೊಟ್ಟರೂ ಬೇಡ.

ಉದ್ದಕ್ಕೆ ಸಣ್ಣ ಬಾಗು ಇರಲೇಬೇಕು, ಅದಕ್ಕೆ ರಿಲೀಫ್ ಅನ್ನುತ್ತಾರೆ. ಮೀಟಿದ ತಂತಿ ನಡುವಿನಲ್ಲಿ ಹೆಚ್ಚು ಅಗಲಕ್ಕೆ ಕಂಪಿಸುತ್ತದೆ, ಅದಕ್ಕೆ ಜಾಗ ಬೇಕು. ಒಂದನೇ ಫ್ರೆಟ್‌ಗೆ ಕ್ಯಾಪೊ ಹಾಕಿ. ನೆಕ್ ಬಾಡಿಗೆ ಸೇರುವ ಕಡೆ ಆರನೇ ತಂತಿಯನ್ನು ಒತ್ತಿ ಹಿಡಿಯಿರಿ. ಏಳು ಅಥವಾ ಎಂಟನೇ ಫ್ರೆಟ್‌ನ ಮೇಲೆ ಉಳಿಯುವ ಸಂದು ಸುಮಾರು 0.25 ಮಿ.ಮೀ. ಇರಬೇಕು. ವಿಸಿಟಿಂಗ್ ಕಾರ್ಡ್ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಕಾರ್ಡ್ ಸಡಿಲವಾಗಿ ಆಡಿದರೆ ನೆಕ್ ಮುಂದಕ್ಕೆ ಬಾಗಿದೆ. ಸಂದೇ ಇಲ್ಲದಿದ್ದರೆ ನೆಕ್ ನೇರವಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ಎರಡೂ ದೊಡ್ಡ ದೋಷವಲ್ಲ, ನೆಕ್ ಒಳಗಿನ ಟ್ರಸ್ ರಾಡ್ ಎಂಬ ಸರಳನ್ನು ತಿರುಗಿಸಿದರೆ ಸರಿಹೋಗುತ್ತದೆ. ಆದರೆ ಆ ಟ್ರಸ್ ರಾಡ್ ಕೆಲಸ ಮಾಡುತ್ತಿದೆಯೇ ಎಂದು ಅಂಗಡಿಯ ಟೆಕ್ನಿಷಿಯನ್ ಕೈಯಿಂದಲೇ ನಿಮ್ಮ ಎದುರಿಗೆ ತಿರುಗಿಸಿ ತೋರಿಸಿಕೊಳ್ಳಿ.

5. ಫ್ರೆಟ್‌ಗಳನ್ನು ಒಂದೊಂದಾಗಿ ಮಾತಾಡಿಸಿ.

ಅಗ್ಗದ ಗಿಟಾರ್‌ನ ಬಣ್ಣ ಬಯಲಾಗುವುದು ಇಲ್ಲೇ. ಹೆಚ್ಚು ಸಮಯ ಇಲ್ಲಿಗೇ ಕೊಡಿ.

ಮೊದಲು ನೆಕ್‌ನ ಅಂಚಿನ ಮೇಲೆ ಅಂಗೈಯನ್ನು ನಿಧಾನಕ್ಕೆ ಮೇಲಿಂದ ಕೆಳಕ್ಕೆ ಎಳೆಯಿರಿ. ಗರಗಸದ ಹಲ್ಲಿನಂತೆ ಚುಚ್ಚಿದರೆ ಫ್ರೆಟ್ ತುದಿಗಳು ಹೊರಬಂದಿವೆ. ಒಣ ಹವೆಯಲ್ಲಿ ಮರ ಅಡ್ಡಕ್ಕೆ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಕಾರಣ ಅಷ್ಟೇ. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಫೈಲ್ ಹಿಡಿದ ರಿಪೇರಿಯವರು ಇದನ್ನು ಸುಲಭವಾಗಿ ಸರಿಮಾಡುತ್ತಾರೆ. ಹೆದರಬೇಡಿ, ಚೌಕಾಸಿಗೆ ಬಳಸಿಕೊಳ್ಳಿ.

ಈಗ ಡೆಬಿಟ್ ಕಾರ್ಡ್ ತೆಗೆಯಿರಿ. ಅದರ ಅಂಚನ್ನು ತಂತಿಗಳ ನಡುವೆ ಮೂರು ಫ್ರೆಟ್‌ಗಳ ಮೇಲೆ ಮಾತ್ರ ಕೂರುವಂತೆ ನಿಲ್ಲಿಸಿ: ನಟ್ ಹತ್ತಿರ ಉದ್ದ ಅಂಚು, ನಡುವಿನ ಫ್ರೆಟ್‌ಗಳಿಗೆ ಗಿಡ್ಡ ಅಂಚು. ಕಾರ್ಡ್ ಟಕ್ ಟಕ್ ಎಂದು ತೂಗಿದರೆ ನಡುವಿನ ಫ್ರೆಟ್ ಎತ್ತರವಾಗಿದೆ. ಅಲ್ಲಿ ಬೆರಳಿನಿಂದ ಫ್ರೆಟ್ ಒತ್ತಿ ನೋಡಿ. ಒತ್ತಿದಾಗ ಕೆಳಗಿಳಿದು, ಬಿಟ್ಟಾಗ ಮೇಲೆದ್ದರೆ ಅದು ಮರದಲ್ಲಿ ಸರಿಯಾಗಿ ಕೂತಿಲ್ಲ. ಹಾಗೆ ಎದ್ದ ಫ್ರೆಟ್ ಒಂದೆರಡಿದ್ದರೆ ರಿಪೇರಿ, ಹಲವಿದ್ದರೆ ಬೇರೆ ಪೀಸ್.

ಕೊನೆಗೆ ಬೆಂಡ್ ಟೆಸ್ಟ್. ಒಂದು ಮತ್ತು ಎರಡನೇ ತಂತಿಯಲ್ಲಿ ಹನ್ನೆರಡನೇ ಫ್ರೆಟ್‌ನಿಂದ ಮೇಲಕ್ಕೆ ಪ್ರತಿ ಫ್ರೆಟ್‌ನಲ್ಲೂ ಪೂರ್ತಿ ಒಂದು ಟೋನ್ ಬೆಂಡ್ ಮಾಡಿ. ಸ್ವರ ನಡುವೆಯೇ ಸತ್ತುಹೋದರೆ ಮೇಲಿನ ಫ್ರೆಟ್‌ಗಳು ಎತ್ತರವಾಗಿವೆ, ಇಲ್ಲವೇ ಆ್ಯಕ್ಷನ್ (ಫ್ರೆಟ್‌ನಿಂದ ತಂತಿಯ ಎತ್ತರ) ತೀರಾ ತಗ್ಗಾಗಿದೆ. ಕರ್ನಾಟಕ ಸಂಗೀತವನ್ನು ಗಿಟಾರ್‌ನಲ್ಲಿ ನುಡಿಸುವ ಆಸೆ ಇದ್ದರಂತೂ ಈ ಟೆಸ್ಟ್ ಬಿಡಲೇಬೇಡಿ. ಗಮಕಕ್ಕೆ ತಂತಿಯನ್ನು ಎಳೆದಷ್ಟೂ ಸ್ವರ ಉಳಿಯಬೇಕು.

6. ಎಫ್ ಕಾರ್ಡ್ ಬರುತ್ತಿಲ್ಲವೆಂದು ಬೆರಳನ್ನು ಬೈಯುವ ಮೊದಲು ನಟ್ ನೋಡಿ.

ಎಷ್ಟೋ ಹೊಸಬರು ಗಿಟಾರ್ ಬಿಡುವುದು ಇದೇ ಕಾರಣಕ್ಕೆ. ದೋಷ ಹಲವು ಸಲ ಅವರ ಕೈಯಲ್ಲಿ ಇರುವುದೇ ಇಲ್ಲ. ನಟ್‌ನ ಗಾಡಿ (ತಂತಿ ಕೂರುವ ಸೀಳು) ಆಳವಿಲ್ಲದಿದ್ದರೆ ಒಂದನೇ ಫ್ರೆಟ್‌ನಲ್ಲಿ ತಂತಿ ಎತ್ತರದಲ್ಲಿರುತ್ತದೆ. ಒತ್ತಲು ಕಷ್ಟ, ಒತ್ತಿದರೂ ಸ್ವರ ಏರುತ್ತದೆ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು ಒಂದನೇ ಫ್ರೆಟ್‌ನ ಮೇಲಿನ ಸಂದು ನೋಡಿ. ಕೂದಲೆಳೆಯಷ್ಟು ಸಂದಿದ್ದರೆ ಸರಿ.

ಟ್ಯೂನ್ ಮಾಡುವಾಗ ನಟ್ ಕಡೆಯಿಂದ ‘ಟಿಂಗ್’ ಎಂಬ ಸದ್ದು ಬಂದು ಸ್ವರ ಹಾರಿದರೆ ತಂತಿ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತಿದೆ. ‘ಟ್ಯೂನಿಂಗ್ ನಿಲ್ಲಲ್ಲ’ ಎಂಬ ದೂರಿನಲ್ಲಿ ದೊಡ್ಡ ಪಾಲು ಈ ಗಾಡಿಯದ್ದು, ಕೀಗಳದ್ದಲ್ಲ. ಪೆನ್ಸಿಲ್ ಸೀಸವನ್ನು ಗಾಡಿಯಲ್ಲಿ ಉಜ್ಜಿದರೆ ತಾತ್ಕಾಲಿಕ ಪರಿಹಾರ. ಚೆನ್ನಾಗಿ ಕೊರೆದ ಹೊಸ ನಟ್ ಹಾಕಿಸಿದರೆ ಶಾಶ್ವತ ಪರಿಹಾರ.

7. ಬ್ರಿಡ್ಜ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡಿ.

ಹನ್ನೆರಡನೇ ಫ್ರೆಟ್‌ನ ಮೇಲೆ ತಂತಿಯ ಎತ್ತರವನ್ನು ಸ್ಕೇಲ್‌ನಿಂದ ಅಳೆಯಿರಿ. 1.6 ಮಿ.ಮೀ. ಸುತ್ತಮುತ್ತ ಇದ್ದರೆ ಆರಾಮಾಗಿ ನುಡಿಸಬಹುದು. ಹೆಚ್ಚಿದ್ದರೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಇಳಿಸಬಹುದೇ ನೋಡಿ. ಸ್ಯಾಡಲ್ ಪೂರ್ತಿ ಕೆಳಗಿಳಿದೂ ತಂತಿ ಎತ್ತರವೇ ಇದ್ದರೆ ನೆಕ್ ಕೂತಿರುವ ಕೋನವೇ ತಪ್ಪಿದೆ. ಸ್ಟ್ರಾಟ್‌ನಂತೆ ಸ್ಕ್ರೂ ಹಾಕಿ ಕೂರಿಸಿದ ನೆಕ್ ಆದರೆ ಅಡಿಯಲ್ಲಿ ತೆಳು ಚೂರಿಟ್ಟು ಸರಿಪಡಿಸಬಹುದು. ಎಪಿಫೋನ್‌ನ ಹಲವು ಲೆಸ್ ಪಾಲ್‌ಗಳಂತೆ ಅಂಟಿಸಿದ ನೆಕ್ ಆದರೆ ಬೇಡ ಎನ್ನಿ.

ಒಂದನೇ ಮತ್ತು ಆರನೇ ತಂತಿ ಎರಡೂ ಅಂಚಿನಿಂದ ಒಂದೇ ದೂರದಲ್ಲಿವೆಯೇ ಎಂಬುದನ್ನೂ ನೋಡಿ. ಒಂದನೇ ತಂತಿ ಅಂಚಿನಿಂದ ಜಾರಿಬೀಳುತ್ತಿದ್ದರೆ ನೆಕ್ ವಾಲಿರಬಹುದು.

8. ಇಂಟೊನೇಶನ್ (ಒತ್ತಿದ ಸ್ವರದ ಶ್ರುತಿ ಸರಿಯಿದೆಯೇ): ಟ್ಯೂನರ್ ಸಾಕ್ಷಿ.

ಹನ್ನೆರಡನೇ ಫ್ರೆಟ್‌ನ ಮೇಲೆ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಹೋಗಬೇಕು, ಇಳಿದಿದ್ದರೆ ಮುಂದಕ್ಕೆ ಬರಬೇಕು. ಸ್ಕ್ರೂ ತಿರುಗಿಸುವ ಕೆಲಸ ಅಷ್ಟೇ. ಸ್ಯಾಡಲ್ ಸರಿಯಲು ಜಾಗ ಇದ್ದರೆ ಮುಂದಿನ ಪಾಯಿಂಟ್‌ಗೆ ಹೊರಡಿ.

9. ಕೇಬಲ್ ಹಾಕುವ ಮೊದಲು ಹಾಗೇ ನುಡಿಸಿ, ಆಮೇಲೆ ಆಂಪ್‌ನ ಕ್ಲೀನ್ ಚಾನೆಲ್‌ನಲ್ಲಿ ಮಾತ್ರ ನುಡಿಸಿ.

ಡಿಸ್ಟಾರ್ಷನ್, ರಿವರ್ಬ್ ತಪ್ಪುಗಳನ್ನು ಮುಚ್ಚುತ್ತವೆ. ಅವನ್ನು ಆಫ್ ಮಾಡಿಸಿ. ನಾಬ್‌ಗಳನ್ನು ತುದಿಯಿಂದ ತುದಿಗೆ ತಿರುಗಿಸಿ, ಸೆಲೆಕ್ಟರ್‌ನ ಪ್ರತಿ ಸ್ಥಾನಕ್ಕೂ ಹೋಗಿ, ಜ್ಯಾಕ್ ಹತ್ತಿರ ಕೇಬಲ್ ಅಲ್ಲಾಡಿಸಿ. ಕರಕರ ಸದ್ದು ಬಂದರೆ ಬರೆದಿಟ್ಟುಕೊಳ್ಳಿ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾಗಬೇಕು. ಆಗದಿದ್ದರೆ ಬ್ರಿಡ್ಜ್‌ನ ಅರ್ಥ್ ವೈರ್ ಕಡಿದಿರಬಹುದು.

ಪಿಕಪ್‌ಗಳ ವಿಚಾರದಲ್ಲಿ ಒಂದೇ ಮಾತು. ಸ್ಕ್ವಾಯರ್‌ನ ಅಫಿನಿಟಿ ಸರಣಿಯಲ್ಲಿ ಸೆರಾಮಿಕ್ ಮ್ಯಾಗ್ನೆಟ್, ಕ್ಲಾಸಿಕ್ ವೈಬ್ ಸರಣಿಯಲ್ಲಿ ಆಲ್ನಿಕೊ ಮ್ಯಾಗ್ನೆಟ್ ಇರುತ್ತದೆ. ಬೆಲೆಯ ಅಂತರಕ್ಕೆ ಇದೂ ಒಂದು ಕಾರಣ. ಆದರೆ ಪಿಕಪ್ ಮುಂದೊಂದು ದಿನ ಬದಲಿಸಬಹುದಾದ ಭಾಗ. ಅದಕ್ಕಾಗಿ ಒಳ್ಳೆಯ ನೆಕ್ ಬಿಟ್ಟುಕೊಡಬೇಡಿ. ಅಗ್ಗದ ಗಿಟಾರ್‌ನಿಂದಲೂ ಸಂಗೀತ ಹುಟ್ಟುತ್ತದೆ: ಷಿಕಾಗೋದ ಬ್ಲೂಸ್ ಕಲಾವಿದ ಹೌಂಡ್ ಡಾಗ್ ಟೇಲರ್ ಜಪಾನಿನಿಂದ ಬಂದ ಅಗ್ಗದ ಗಿಟಾರನ್ನೇ ನುಡಿಸುತ್ತಿದ್ದರು. ಅವರ ಆಲ್ಬಂ ಹೊರತರಲೆಂದೇ 1971ರಲ್ಲಿ ಅಲಿಗೇಟರ್ ಎಂಬ ರೆಕಾರ್ಡ್ ಕಂಪನಿ ಹುಟ್ಟಿತು.

10. ಮರದ ಹೆಸರು ಕೇಳಿ ಮರುಳಾಗಬೇಡಿ.

ಪಾಪ್ಲರ್, ಬಾಸ್‌ವುಡ್ ಎಂದು ಲೇಬಲ್ ಓದಿ ಬೇಸರಪಡುವವರಿದ್ದಾರೆ. ಬಾಡಿ ಬಿರುಕಿಲ್ಲದೆ, ಭುಜಕ್ಕೆ ಭಾರವಾಗದೆ ಇದ್ದರೆ ಸಾಕು. ಫಿಂಗರ್‌ಬೋರ್ಡ್‌ನದ್ದು ಸ್ವಲ್ಪ ಬೇರೆ ಕಥೆ. 2017ರ ಜನವರಿಯಲ್ಲಿ ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದವು. ಗಡಿ ದಾಟಿಸಲು ಕಾಗದಪತ್ರದ ಕಾಟ ಹೆಚ್ಚಿದಾಗ ಸ್ಕ್ವಾಯರ್, ಎಪಿಫೋನ್‌ಗಳು ಇಂಡಿಯನ್ ಲಾರೆಲ್‌ಗೆ ಬದಲಾದವು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಲಾರೆಲ್ ಉಳಿದುಕೊಂಡಿತು. ಅದು ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಮತ್ತಿ ಮರವೇ. ಗಟ್ಟಿ ಮರ. ಬೀಟೆಯಲ್ಲ ಎಂಬ ಒಂದೇ ಕಾರಣಕ್ಕೆ ಕೀಳೆಂದು ತಿಳಿಯಬೇಡಿ. ತೀರಾ ಒಣಗಿ ಬಿಳಿಚಿಕೊಂಡಿದ್ದರೆ ಫಿಂಗರ್‌ಬೋರ್ಡ್‌ಗೆಂದೇ ಸಿಗುವ ಎಣ್ಣೆಯನ್ನು ತೆಳುವಾಗಿ ಒರೆಸಿ.

11. ದೋಷಗಳನ್ನು ಮೂರು ಸಾಲಿನಲ್ಲಿ ಬರೆಯಿರಿ.

ಮೊದಲ ಸಾಲು, ಸರಿಯಾಗದ್ದು: ತಿರುಚಿದ ನೆಕ್, ಸತ್ತ ಟ್ರಸ್ ರಾಡ್, ಬಿರುಕು, ಅಂಟಿಸಿದ ನೆಕ್‌ನ ತಪ್ಪು ಕೋನ. ಎರಡನೆಯದು, ಸೆಟಪ್‌ನಲ್ಲಿ ಮುಗಿಯುವುದು: ರಿಲೀಫ್, ಆ್ಯಕ್ಷನ್, ಇಂಟೊನೇಶನ್, ನಟ್, ಫ್ರೆಟ್ ತುದಿ. ಮೂರನೆಯದು, ಮುಂದೆ ಬದಲಿಸುವುದು: ಪಿಕಪ್, ಕೀ, ಜ್ಯಾಕ್. ಮೊದಲ ಸಾಲು ಖಾಲಿ ಇದ್ದರೆ ಧೈರ್ಯವಾಗಿ ಕೊಳ್ಳಿ. ಎರಡನೆಯ ಸಾಲನ್ನು ಅಂಗಡಿಯವರ ಮುಂದಿಟ್ಟು ‘ಸೆಟಪ್ ಫ್ರೀ ಮಾಡಿಕೊಡಿ’ ಎಂದು ಕೇಳಿ. ಒಪ್ಪದಿದ್ದರೆ ಬೆಲೆಯ ಹತ್ತನೇ ಒಂದು ಪಾಲನ್ನು ಅದಕ್ಕೆಂದೇ ತೆಗೆದಿಡಿ.

12. ಆನ್‌ಲೈನ್ ಆದರೆ ರಿಟರ್ನ್ ನಿಯಮ ಮೊದಲು ಓದಿ.

ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೊ ಮಾಡಿ. ರಿಟರ್ನ್ ಅವಧಿಯೊಳಗೆ ಮೇಲಿನ ಟೆಸ್ಟ್‌ಗಳನ್ನೆಲ್ಲ ಮುಗಿಸಿ. ಸೆಕೆಂಡ್ ಹ್ಯಾಂಡ್ ಆದರೆ ಸೀರಿಯಲ್ ನಂಬರ್‌ನ ಫೋಟೊ ಕೇಳಿ. ‘ಗಿಬ್ಸನ್, ಅರ್ಧಕ್ಕರ್ಧ ಬೆಲೆಗೆ’ ಎಂಬ ಮಾತು ಕೇಳಿದರೆ ಟ್ರಸ್ ರಾಡ್ ಮುಚ್ಚಳದ ಸ್ಕ್ರೂ ಎಣಿಸಿ. ಗಿಬ್ಸನ್‌ನಲ್ಲಿ ಎರಡು ಇರುತ್ತವೆ, ನಕಲಿಗಳಲ್ಲಿ ಹಲವು ಸಲ ಮೂರು. ಎಪಿಫೋನ್ ನಕಲಿಯಲ್ಲ, 1957ರಿಂದ ಗಿಬ್ಸನ್‌ನದೇ ಬ್ರ್ಯಾಂಡ್. ಆ ಹೆಸರಿನ ಒಳ್ಳೆಯ ಗಿಟಾರ್ ಕೈಯಲ್ಲಿರುವುದು ಸುಳ್ಳು ಹೆಸರಿನ ಕೆಟ್ಟ ಗಿಟಾರ್‌ಗಿಂತ ಎಷ್ಟೋ ಮೇಲು.

13. ಮನೆಗೆ ತಂದ ಮೇಲೂ ಅಳೆಯಿರಿ.

ಹೊಸ ತಂತಿ ಹಾಕಿ, ಕೈಯಿಂದ ಎಳೆದು ಸಡಿಲ ತೆಗೆಯಿರಿ. ಗಿಟಾರ್ ನಿಮ್ಮೂರಿನ ಹವೆಗೆ ಹೊಂದಿಕೊಳ್ಳಲು ಕೆಲವು ದಿನ ಬಿಟ್ಟು ಆಮೇಲೆ ಸೆಟಪ್ ಮಾಡಿಸಿ. ರಿಲೀಫ್ ಮತ್ತು ಆ್ಯಕ್ಷನ್ ಎಷ್ಟಿತ್ತೆಂದು ನೋಟ್‌ಬುಕ್‌ನಲ್ಲಿ ತಾರೀಖಿನ ಜೊತೆ ಬರೆಯಿರಿ. ಮಂಗಳೂರಿನ ಮಳೆಗಾಲಕ್ಕೂ ವಿಜಯಪುರದ ಏಪ್ರಿಲ್‌ಗೂ ನೆಕ್ ಒಂದೇ ತೆರನಾಗಿ ಇರುವುದಿಲ್ಲ, ಹಾಗಾಗಿ ಮಳೆ ಶುರುವಾದಾಗ ಒಮ್ಮೆ, ಬಿಸಿಲು ಏರಿದಾಗ ಒಮ್ಮೆ ಮತ್ತೆ ಅಳೆಯಿರಿ. ಟ್ರಸ್ ರಾಡನ್ನು ನೀವೇ ತಿರುಗಿಸುವುದಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಟ್ಯೂನ್ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ.