ಮೂತ್ರದ ಸೋಂಕನ್ನು ಶೀಘ್ರವಾಗಿ ಕಂಡುಹಿಡಿಯುವ ಕ್ರಮ

ನಾಟಿ, ಕಳೆ, ಕೊಯಿಲುಗಳ ಕಾಲದಲ್ಲಿ ಹೆಂಗಸರು ದಿನವಿಡೀ ಬಿಸಿಲಿನಲ್ಲಿ ದುಡಿಯುವರು. ಹೊಲದ ಬಳಿ ಮರೆಯಾದ ಸ್ಥಳವಿಲ್ಲದ ಕಾರಣ ಅನೇಕರು ನೀರು ಕುಡಿಯುವುದನ್ನೇ ಕಡಿಮೆಮಾಡಿ ಮೂತ್ರವನ್ನು ತಡೆದುಕೊಳ್ಳುವುದುಂಟು. ಇದರಿಂದ ಮೂತ್ರಕೋಶವನ್ನು ಸೇರಿದ ಸೂಕ್ಷ್ಮಜೀವಿಗಳು ಹೊರಕ್ಕೆ ಕೊಚ್ಚಿಹೋಗದೆ ಅಲ್ಲಿಯೇ ವೃದ್ಧಿಹೊಂದುವುವು. ಉರಿಮೂತ್ರವನ್ನು ಬರಿಯ ಉಷ್ಣವೆಂದೆಣಿಸಿ ಎಳನೀರು ಕುಡಿದು ದಿನ ಕಳೆಯುವುದು ವಾಡಿಕೆ. ಆದರೆ ಸೋಂಕು ಮೂತ್ರಪಿಂಡಕ್ಕೇರಿದರೆ ಚಳಿಜ್ವರ, ವಾಂತಿ, ಪಕ್ಕೆನೋವುಗಳುಂಟಾಗಿ ಪ್ರಾಣಾಪಾಯವೂ ಒದಗಬಹುದು. ಗರ್ಭಿಣಿಯರಲ್ಲಿ 100ಕ್ಕೆ 2ರಿಂದ 10 ಮಂದಿಗೆ ಯಾವ ಬಾಧೆಯೂ ತೋರದೆ ಸೋಂಕಿರುವುದುಂಟು. ಆದಕಾರಣ ಪರೀಕ್ಷೆಯೊಂದೇ ಇದನ್ನು ತಿಳಿಯುವ ಮಾರ್ಗ.

ಪೂರ್ಣಪರೀಕ್ಷೆ: ಒಟ್ಲಿನಲ್ಲಿ ಬೀಜವನ್ನು ಮೊಳೆಯಿಸಿ ನೋಡುವಂತೆ, ಪ್ರಯೋಗಶಾಲೆಯಲ್ಲಿ ಮೂತ್ರದ ಹನಿಯನ್ನು ಪೋಷಕದ್ರವ್ಯದ ಮೇಲೆ ಹಚ್ಚಿ ಜೀವಿಗಳನ್ನು ಬೆಳೆಯಿಸುವರು. ಒಂದು ಮಿಲಿಲೀಟರಿನಲ್ಲಿ 1 ಲಕ್ಷ ಅಥವಾ ಹೆಚ್ಚು ಜೀವಿಗಳಿದ್ದರೆ ಸೋಂಕೆಂದು ಪರಿಗಣಿಸುವ ಕ್ರಮವನ್ನು ಅಮೆರಿಕದ ವೈದ್ಯ ಎಡ್ವರ್ಡ್ ಕಾಸ್ 1956ರಲ್ಲಿ ಪ್ರತಿಪಾದಿಸಿದರು. ಯಾವ ಔಷಧಕ್ಕೆ ಆ ಜೀವಿಯು ಬಗ್ಗುವುದೆಂಬುದೂ ಇದರಿಂದಲೇ ತಿಳಿಯುವುದು. ಆದರೆ ಇದಕ್ಕೆ ಒಂದೆರಡು ದಿನಗಳು ಹಿಡಿಯುವುವು.

ಶೀಘ್ರಪರೀಕ್ಷೆ: ಔಷಧ ಲೇಪಿಸಿದ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿದರೆ ಎರಡು ನಿಮಿಷಗಳೊಳಗೆ ಬಣ್ಣ ತೋರುವುದು. ಗೊಬ್ಬರದ ಮೂಲಕ ರೈತರಿಗೆ ಪರಿಚಿತವಾದ ನೈಟ್ರೇಟು ಸೊಪ್ಪು ತರಕಾರಿಗಳ ಮುಖಾಂತರ ದೇಹವನ್ನು ಸೇರಿ ಮೂತ್ರದಲ್ಲಿಯೂ ಇರುವುದು. ಈ ವ್ಯಾಧಿಯನ್ನು ಬಹುಮಟ್ಟಿಗೆ ಉಂಟುಮಾಡುವ ಇ. ಕೋಲೈ ಎಂಬ ಜೀವಿಯು ಅದನ್ನು ನೈಟ್ರೈಟಾಗಿ ಮಾರ್ಪಡಿಸಿದಾಗ ಪಟ್ಟಿಯ ಒಂದು ಚೌಕವು ಗುಲಾಬಿ ಬಣ್ಣವಾಗುವುದು. ರೋಗವನ್ನೆದುರಿಸಲು ಬಂದ ಬಿಳಿಯ ರಕ್ತಕಣಗಳಿದ್ದರೆ ಮತ್ತೊಂದು ಚೌಕವು ನೇರಳೆಗೆ ತಿರುಗುವುದು.

ಈ ಪಟ್ಟಿಗೂ ಮಿತಿಯುಂಟು. ಎಂಟರೊಕಾಕಸ್ ಮೊದಲಾದ ಕೆಲವು ಜೀವಿಗಳು ನೈಟ್ರೈಟನ್ನು ಉತ್ಪತ್ತಿಮಾಡವು. ಉತ್ಪತ್ತಿಮಾಡುವ ಜೀವಿಗಳಿಗೂ ಸುಮಾರು 4 ಗಂಟೆಗಳ ಅವಕಾಶ ಬೇಕು. ಆದ್ದರಿಂದ ಬೆಳಗಿನ ಮೊದಲ ಮೂತ್ರವೇ ಉತ್ತಮ. ಎರಡು ಚೌಕಗಳೂ ಬಣ್ಣ ತಾಳದಿದ್ದರೆ ಸಾಮಾನ್ಯವಾಗಿ ಸೋಂಕಿರಲಾರದು. ಆದರೂ ಗರ್ಭಿಣಿಯರಿಗೂ, ಬಾಧೆ ತೋರುತ್ತಿರುವವರಿಗೂ ಪೂರ್ಣಪರೀಕ್ಷೆ ಮಾಡಿಸುವುದು ಕ್ಷೇಮ.

ಮಾದರಿಯನ್ನು ಹಿಡಿಯುವ ವಿಧಾನ: ಮೊದಲು ನೀರಿನಿಂದ ಶುಚಿಮಾಡಿಕೊಂಡು, ಮೊದಲಿನ ಧಾರೆಯನ್ನು ಬಿಟ್ಟು, ನಡುವಣ ಧಾರೆಯನ್ನು ಆಸ್ಪತ್ರೆಯವರು ಕೊಟ್ಟ ಶುದ್ಧವಾದ ಪಾತ್ರೆಯಲ್ಲಿ ಹಿಡಿಯತಕ್ಕದ್ದು. ಹಳೆಯ ಔಷಧದ ಸೀಸೆಗಳು ಕೂಡದು. ಕರೆದ ಹಾಲು ಸೆಕೆಯಲ್ಲಿ ಕೆಡುವಂತೆ ಮೂತ್ರದಲ್ಲಿಯೂ ಜೀವಿಗಳು ಬೇಗ ಹೆಚ್ಚಿ, ಇಲ್ಲದ ಸೋಂಕನ್ನು ತೋರಿಸುವುವು. ಆದಕಾರಣ ಮಾದರಿಯನ್ನು 2 ಗಂಟೆಗಳೊಳಗೆ ಒಪ್ಪಿಸಬೇಕು. ಇಲ್ಲವಾದರೆ 4 ಡಿಗ್ರಿ ಸೆಂಟಿಗ್ರೇಡಿನ ಶೈತ್ಯದಲ್ಲಿ 24 ಗಂಟೆಗಳವರೆಗೆ ಇಡಬಹುದು.

ಮನೆಯಲ್ಲಿ ಉಳಿದ ಮಾತ್ರೆಗಳನ್ನು ತಾವಾಗಿ ನುಂಗುವುದೂ, ಉರಿ ಶಮನವಾದೊಡನೆ ಔಷಧವನ್ನು ನಡುವೆ ನಿಲ್ಲಿಸುವುದೂ ಸಲ್ಲದು. ಇಂಥ ಬಳಕೆಯಿಂದ ಜೀವಿಗಳು ಔಷಧಕ್ಕೆ ಬಗ್ಗದಂತಾಗುವುವು.

ಗ್ರಾಮದ ಯಜಮಾನರು ಪ್ರತಿ ಗರ್ಭಿಣಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆದಷ್ಟು ಮುಂಚೆಯೇ ಹೋಗಿ ಮೂತ್ರಪರೀಕ್ಷೆ ಮಾಡಿಸಿಕೊಳ್ಳುವಂತೆ ತಿಳಿಯಹೇಳತಕ್ಕದ್ದು. ಭೂಮಾಲೀಕರು ಕೆಲಸದ ಸ್ಥಳದಲ್ಲಿ ಕುಡಿಯುವ ನೀರನ್ನೂ, ಹೆಂಗಸರಿಗೆ ತಟ್ಟಿಯ ಮರೆಯಾದರೂ ಉಳ್ಳ ಶೌಚಸ್ಥಳವನ್ನೂ ಒದಗಿಸಬೇಕು. ಇದಕ್ಕೆ ತಗಲುವ ವೆಚ್ಚವು ಅತ್ಯಲ್ಪ. ಕೊಯಿಲಿನ ಕಾಲದಲ್ಲಿ ಒಬ್ಬ ಆಳು ಹಾಸಿಗೆ ಹಿಡಿದರೆ ಆಗುವ ನಷ್ಟವು ಅದಕ್ಕಿಂತ ಹೆಚ್ಚು.