ಲೆಕ್ಕ ಕೇಳುವುದು ಅಪನಂಬಿಕೆಯಲ್ಲ



"ನಮ್ಮ ಪ್ರತಿನಿಧಿ ಅಕ್ಕ ಒಳ್ಳೆಯವರು, ಅವರ ಹತ್ರ ಲೆಕ್ಕ ಯಾಕೆ ಕೇಳ್ಬೇಕು?" ಈ ಮಾತು ಸ್ವಸಹಾಯ ಸಂಘಗಳಲ್ಲಿ ಆಗಾಗ ಕೇಳಿಬರುತ್ತದೆ. ಅವರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿರುತ್ತೇವೆ. ಆದರೆ ಒಂದು ದಿನ ಹಣ ತಾಳೆಯಾಗದಿದ್ದರೆ ಮೊದಲು ಮಾತು ಕೇಳಬೇಕಾದವರು ಅವರೇ. ತಪ್ಪು ಮಾಡಿಲ್ಲ ಎಂದು ತೋರಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ.

ನಿಯಂತ್ರಣ ಎಂದರೇನು?

ಸಂಸ್ಥೆಯ ಹಣ, ಜನ, ಸಮಯ ಅದರ ಗುರಿಗಾಗಿಯೇ ಬಳಕೆಯಾಗುವಂತೆ ನೋಡಿಕೊಳ್ಳುವುದೇ ನಿರ್ವಹಣಾ ನಿಯಂತ್ರಣ. ಹಾರ್ವರ್ಡ್‌ನ ಪ್ರಾಧ್ಯಾಪಕ ರಾಬರ್ಟ್ ಆಂಥನಿ 1965ರಲ್ಲಿ ಇದನ್ನು ಪ್ರತ್ಯೇಕ ವಿಷಯವಾಗಿ ವಿವರಿಸಿದರು. ಇದರಲ್ಲಿ ನಾಲ್ಕು ಹೆಜ್ಜೆಗಳಿವೆ: ಗುರಿ ಇಡುವುದು, ಆದದ್ದನ್ನು ಅಳೆಯುವುದು, ಎರಡನ್ನೂ ಹೋಲಿಸುವುದು, ತಿದ್ದಿಕೊಳ್ಳುವುದು. ನಮ್ಮ ಲಷ್ಕರ್ ಮೊಹಲ್ಲಾದ ಅಂಗಡಿಯವರು ರಾತ್ರಿ ಬಾಗಿಲು ಹಾಕುವ ಮುಂಚೆ ಗಲ್ಲಾಪೆಟ್ಟಿಗೆ ಎಣಿಸುವುದೂ ಇದೇ.

ಪುಸ್ತಕವೇ ಜಾಮೀನು

1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ಇಂಥ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ಅಡಮಾನ ಇಲ್ಲದವರಿಗೆ ಸಾಲ ಕೊಡುವಾಗ ಬ್ಯಾಂಕ್ ನೋಡುವುದು ಪಂಚಸೂತ್ರವನ್ನು: ತಪ್ಪದ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಸರಿಯಾದ ಲೆಕ್ಕಪುಸ್ತಕ.

ಸಂಘದಲ್ಲಿ ಹೀಗೆ ಮಾಡಿ:

1. ಹಣ ಹಿಡಿಯುವವರು ಒಬ್ಬರು, ಪುಸ್ತಕ ಬರೆಯುವವರು ಇನ್ನೊಬ್ಬರು ಇರಲಿ.
2. ಖಾಲಿ ಚೆಕ್ಕಿಗೆ ಯಾರೂ ಸಹಿ ಹಾಕಬೇಡಿ.
3. ಸಭೆ ಮುಗಿಯುವ ಮುಂಚೆ ಎಲ್ಲರೆದುರು ಹಣ ಎಣಿಸಿ, ನಗದು ಪುಸ್ತಕದ ಶಿಲ್ಕಿನೊಂದಿಗೆ ತಾಳೆ ನೋಡಿ.
4. ತಿಂಗಳಿಗೊಮ್ಮೆ ಬ್ಯಾಂಕ್ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿ. ಓದು ಬಾರದವರಿಗೂ ತಿಳಿಯಲಿ.
5. ಪ್ರತಿನಿಧಿಗಳನ್ನು ಸರದಿಯಂತೆ ಬದಲಿಸಿ.

ಒಂದು ಎಚ್ಚರಿಕೆ

ವಸೂಲಿಯ ಅಂಕಿ ಒಂದನ್ನೇ ಅಳೆದರೆ ನಿಯಂತ್ರಣ ಕಿರುಕುಳವಾಗುತ್ತದೆ. ಕೆಲವು ಕಿರುಸಾಲ ಕಂಪನಿಗಳಲ್ಲಿ ಆದದ್ದು ಇದೇ. ಬಲವಂತದ ವಸೂಲಿ ತಡೆಯಲು 2010ರಲ್ಲಿ ಆಂಧ್ರ ಪ್ರದೇಶ, 2025ರಲ್ಲಿ ಕರ್ನಾಟಕ ಸುಗ್ರೀವಾಜ್ಞೆ ತರಬೇಕಾಯಿತು. ನಮ್ಮ ಸಂಘದ ಗುರಿ ವಸೂಲಿಯಲ್ಲ, ಸದಸ್ಯೆಯ ಬದುಕು. ಕಂತು ತಪ್ಪಿದರೆ ಮೊದಲು ಕಾರಣ ಕೇಳಿ: ಕಾಯಿಲೆಯಾ, ಕೆಲಸ ಹೋಯ್ತಾ? ಸಭೆಯಲ್ಲೇ ಹೊಸ ಕಂತು ಗೊತ್ತುಮಾಡಿ, ನಡಾವಳಿಯಲ್ಲಿ ಬರೆಯಿರಿ.

ಚರ್ಚೆಗೆ

1. ನಮ್ಮ ಸಂಘದ ಈ ದಿನದ ಶಿಲ್ಕು ಎಷ್ಟು? ಪ್ರತಿನಿಧಿಗಳನ್ನು ಬಿಟ್ಟು ಎಷ್ಟು ಜನ ಹೇಳಬಲ್ಲಿರಿ?
2. ಬ್ಯಾಂಕ್ ಪಾಸ್‌ಬುಕ್ ಕೊನೆಯ ಸಲ ಸಭೆಗೆ ಬಂದದ್ದು ಯಾವಾಗ?
3. ಕಂತು ತಪ್ಪಿದವರನ್ನು ನಾವು ಹೇಗೆ ಮಾತಾಡಿಸುತ್ತೇವೆ?