ಸವಾರನ ಧೈರ್ಯ

ಮೈಸೂರಿನ ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸ್ ದಳವು ಸಾಗುವಾಗ ಸುತ್ತಲೂ ವಾದ್ಯಘೋಷ, ಜನಸಂದಣಿ. ಅಲ್ಲಿ ಒಂದು ಕುದುರೆ ಬೆದರಿ ಓಡಿದರೂ ಅನಾಹುತ ತಪ್ಪದು. ಸ್ವಭಾವತಃ ಅಂಜುಬುರುಕನಾದ ಈ ಪ್ರಾಣಿ ಶಾಂತವಾಗಿರಲು ದೀರ್ಘ ತರಬೇತಿಯೊಂದೇ ಸಾಲದು. ಸವಾರನ ಆತ್ಮವಿಶ್ವಾಸವೂ ಬೇಕು. ಹಿಂಡಿನಲ್ಲಿ ಬಾಳುವ ಕುದುರೆಯು ಜೊತೆಗಿರುವವರ ಅಂಜಿಕೆಯನ್ನು ಬೇಗನೆ ಗ್ರಹಿಸುತ್ತದೆ. ಸವಾರನು ಹೆದರಿದರೆ ಅವನ ಮೈ ಬಿಗಿಯುತ್ತದೆ. ಆ ಬಿಗಿತವು ಲಗಾಮಿನ ಮೂಲಕ ಕುದುರೆಯನ್ನು ಮುಟ್ಟುತ್ತದೆ.

2009ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಪ್ರಯೋಗವೊಂದರಲ್ಲಿ, ನಾಲ್ಕನೆಯ ಸಲ ಸಾಗುವಾಗ ಕುದುರೆಯ ಮುಂದೆ ಕೊಡೆ ಬಿಚ್ಚಲಾಗುವುದೆಂದು ಅದನ್ನು ನಡೆಸುವವರಿಗೆ ತಿಳಿಸಲಾಯಿತು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಹೃದಯಬಡಿತದೊಡನೆ ಕುದುರೆಗಳ ಹೃದಯಬಡಿತವೂ ಏರಿತು!

ಕುದುರೆಯನ್ನು ಅಂಕೆಯಲ್ಲಿಡಬಯಸುವವನು ಮೊದಲು ತನ್ನ ಮನಸ್ಸನ್ನು ಅಂಕೆಯಲ್ಲಿಡಬೇಕು.